ಹಕ್ಕು, ಮಾದರಿ 2016: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ‘ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016’ ಎಂಬ ಯಂತ್ರಕ್ಕೆ ನೀವೀಗ ಮಾಲೀಕರು. ಸಂಸತ್ತು ತಯಾರಿಸಿದ್ದು, ರಾಜ್ಯ ಸರ್ಕಾರ ಸಾಗಿಸಿದ್ದು, ತಾಲ್ಲೂಕು ಕಚೇರಿ ದಾಸ್ತಾನು ಇಟ್ಟುಕೊಂಡದ್ದು, ಗ್ರಾಮ ಪಂಚಾಯಿತಿ ನಿಮ್ಮ ಬಾಗಿಲಿಗೆ ತಲುಪಿಸಬೇಕಾದದ್ದು. ಯಂತ್ರಕ್ಕೆ ಬೆಲೆಯಿಲ್ಲ. ಆಟೊ ಬಾಡಿಗೆ, ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ ಮತ್ತು ಜೊತೆಗೆ ಬರುವವರ ಒಂದು ದಿನದ ಕೂಲಿ ಮಾತ್ರ ನಿಮ್ಮ ಖರ್ಚು.

ಚಾಲೂ ಮಾಡುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಕಣ್ಣು ಕಾಣದವರ ಅನುಕೂಲಕ್ಕಾಗಿ ಇದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಲಾಗಿದೆ. ಕಿವಿ ಕೇಳದವರ ಅನುಕೂಲಕ್ಕಾಗಿ ಆಟೊಗೆ ಮೈಕ್ ಕಟ್ಟಿ ಊರೆಲ್ಲ ಸಾರಲಾಗಿದೆ. ನಡೆಯಲಾಗದವರು ಹೆಚ್ಚಿನ ಮಾಹಿತಿಗೆ ಮೊದಲನೇ ಮಹಡಿಗೆ ಬರಬಹುದು.

1. ಪೆಟ್ಟಿಗೆಯಲ್ಲಿ ಏನೇನಿದೆ

ಹಳೇ ಮಾದರಿ 1995ರದು. ಅದರಲ್ಲಿ ಗುಂಡಿಗಳು ಏಳೇ. ಕುರುಡು, ಮಂದದೃಷ್ಟಿ, ಕಿವುಡು, ಕೈಕಾಲಿನ ಊನ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಕುಷ್ಠದಿಂದ ಗುಣವಾದವರು ಎಂಬಲ್ಲಿಗೆ ಪಟ್ಟಿ ಮುಗಿಯುತ್ತಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹೊಸ ಮಾದರಿಯಲ್ಲಿ 21 ಗುಂಡಿಗಳಿವೆ. ಆಟಿಸಂ, ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್‌ಸನ್, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲರಿಗೂ ಒಂದೊಂದು ಗುಂಡಿ. ಕೌಂಟರಿನಲ್ಲಿ ಕೂತವರಿಗೆ ಹಳೇ ಏಳೇ ಬಾಯಿಪಾಠವಾಗಿದ್ದರೆ ಗಾಬರಿ ಬೇಡ, ಇಪ್ಪತ್ತೊಂದರ ಪಟ್ಟಿಯ ಜೆರಾಕ್ಸ್ ಒಂದನ್ನು ಸದಾ ಚೀಲದಲ್ಲಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಎಷ್ಟು ಗ್ರಾಹಕರಿದ್ದಾರೆ? 2011ರ ಜನಗಣತಿಯ ಪ್ರಕಾರ 13,24,205. ಆ ಗಣತಿಯ ನಮೂನೆಯಲ್ಲಿದ್ದದ್ದು ಎಂಟೇ ಬಗೆ. ಹಾಗಾಗಿ ಉಳಿದ ಗುಂಡಿಗಳವರು ಆ ಲೆಕ್ಕದಲ್ಲಿ ಎಲ್ಲಿ ಕೂತಿದ್ದಾರೋ, ಕೂತೇ ಇಲ್ಲವೋ, ಗಣತಿದಾರರನ್ನೇ ಕೇಳಬೇಕು.

ಪೆಟ್ಟಿಗೆಯಲ್ಲಿ ಇರಬೇಕಾದ ಭಾಗಗಳು ಇವು: ಸರ್ಕಾರಿ ನೌಕರಿಯಲ್ಲಿ ಶೇ 4 ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ಶೇ 5, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5, ಆರರಿಂದ ಹದಿನೆಂಟು ವಯಸ್ಸಿನವರೆಗೆ ಉಚಿತ ಶಿಕ್ಷಣ, ಹತ್ತಿ ಇಳಿಯಬಲ್ಲ ಕಟ್ಟಡ. ಯಾವುದಾದರೂ ಭಾಗ ಕಾಣದಿದ್ದರೆ ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿ. ಬಹಳಷ್ಟು ಭಾಗಗಳು ಒಳಗೇ ಎಲ್ಲೋ ಸಿಕ್ಕಿಕೊಂಡಿರುತ್ತವೆ, ಕಳೆದುಹೋಗಿರುವುದಿಲ್ಲ.

2. ಇಂಧನ: ನಿಮ್ಮ ಶೇಕಡಾ

ಈ ಯಂತ್ರ ಓಡುವುದು ಶೇಕಡಾದ ಮೇಲೆ. ಶೇ 40ಕ್ಕಿಂತ ಕಡಿಮೆಯಿದ್ದರೆ ಮುಖ್ಯ ಸೌಲಭ್ಯಗಳು ಚಾಲೂ ಆಗುವುದಿಲ್ಲ. ಎಷ್ಟಿದೆ ಎಂದು ಅಳೆಯಲು ವೈದ್ಯಕೀಯ ಮಂಡಳಿ ಇದೆ. ಕೀಲು ಎಷ್ಟು ಡಿಗ್ರಿ ಮಡಚುತ್ತದೆಂದು ಗೋನಿಯೊಮೀಟರ್ ಹಿಡಿದು ನೋಡುತ್ತಾರೆ, ಕಿವಿಗೆ ಆಡಿಯೊಮೆಟ್ರಿ ಮಾಡುತ್ತಾರೆ. ಅಲ್ಲಿಂದ ಯುಡಿಐಡಿ ಕಾರ್ಡ್ ಬರುತ್ತದೆ. ಹದಿನೆಂಟು ಅಂಕಿ, ಮೂರು ಬಣ್ಣ: ನಲವತ್ತಕ್ಕಿಂತ ಕೆಳಗಿದ್ದರೆ ಬಿಳಿ, ನಲವತ್ತರಿಂದ ಮೇಲೆ ಹಳದಿ, ಎಂಬತ್ತು ಮುಟ್ಟಿದರೆ ನೀಲಿ.

ಅಳತೆಯ ದಿನ ಎಚ್ಚರಿಕೆಯಿಂದ ನಡೆದುಕೊಳ್ಳಿ. ಅಲ್ಲಿಗೆ ತಲುಪಿದ್ದೇ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು. ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿಸಿದ ಮಾತುಕತೆ ಹೀಗಿತ್ತು:

“ಹೆಂಗ್ ಬಂದ್ರಮ್ಮ?”

“ಬಸ್ಸಲ್ಲಿ ಸಾರ್.”

“ಬಸ್ ಹತ್ತಕ್ಕಾಗುತ್ತೆ ಅಂದಂಗಾಯ್ತು.”

“ಮಗ ಎತ್ಕಂಡು ಹತ್ತಿಸ್ದ ಸಾರ್.”

“ಇಲ್ಲಿ ಮೆಟ್ಲು?”

“ಅದ್ಕೂ ಅವ್ನೇ ಸಾರ್. ಅವನ್ನೂ ಒಂಚೂರು ನೋಡ್ಬುಡಿ, ಸೊಂಟ ಹಿಡ್ಕಂಡದೆ ಅಂತಾವ್ನೆ.”

ಡಾಕ್ಟರು ನಕ್ಕರು, ಬರೆದುಕೊಂಡರು. ಮಗ ಮಾತ್ರ ನಗಲಿಲ್ಲ, ಇಳಿಸುವ ಕೆಲಸ ಇನ್ನೂ ಬಾಕಿ ಇತ್ತು.

ಶೇಕಡಾದಲ್ಲಿ ಒಂದೊಂದು ಅಂಕಿಗೂ ಬೆಲೆ ಇದೆ. ರಾಜ್ಯದಲ್ಲಿ ವರ್ಷಗಟ್ಟಲೆಯಿಂದ ನಡೆದುಬಂದ ಮಾಸಾಶನದ ಲೆಕ್ಕದಲ್ಲಿ ಶೇ 40ರಿಂದ 74ರವರೆಗೆ 800 ರೂಪಾಯಿ, ಶೇ 75 ಮುಟ್ಟಿದರೆ 1,400. ಅಂದರೆ ಎಪ್ಪತ್ತನಾಲ್ಕಕ್ಕೂ ಎಪ್ಪತ್ತೈದಕ್ಕೂ ನಡುವಿನ ಒಂದು ಅಂಕಿಗೆ ತಿಂಗಳಿಗೆ 600 ರೂಪಾಯಿ. ಮುಂದಿನದು ಸಣ್ಣ ಅಕ್ಷರದಲ್ಲಿದೆ, ಕಣ್ಣಿಟ್ಟು ಓದಿ. ಕಾಯ್ದೆಯ 24ನೇ ಕಲಮಿನ ಪ್ರಕಾರ ಅಂಗವಿಕಲರಿಗೆ ಕೊಡುವ ನೆರವು ಇತರರ ಅಂಥದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಹಿರಿಯರ ಸಂಧ್ಯಾ ಸುರಕ್ಷಾ ಮಾಸಾಶನ ಇದೇ ಲೆಕ್ಕದಲ್ಲಿ 1,200 ರೂಪಾಯಿ. ಎಂಟುನೂರು ಹೇಗೆ ಸಾವಿರದಿನ್ನೂರಕ್ಕಿಂತ ಕಾಲುಪಾಲು ಹೆಚ್ಚಾಗುತ್ತದೆ ಎಂಬ ಗಣಿತಕ್ಕೆ ಪ್ರತ್ಯೇಕ ಕೈಪಿಡಿ ಬೇಕಾದೀತು.

3. ಸ್ವಿಚ್ ಎಲ್ಲಿದೆ

ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ಸ್ವಿಚ್ ವಿಧಾನಸೌಧದಲ್ಲಿದೆ ಎಂದು ಮನವಿಪತ್ರ ಹಿಡಿದು ಬೆಂಗಳೂರಿನ ಬಸ್ ಹತ್ತುತ್ತಾರೆ. ಸ್ವಿಚ್ ಇರುವುದು ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಆ ಕುರ್ಚಿಯಲ್ಲಿ ಕೂತವರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅಥವಾ ಕಾರ್ಯಕರ್ತೆ ಎಂದು ಹೆಸರು. ಎಲ್ಲರೂ ಕರೆಯುವುದು ವಿಆರ್‌ಡಬ್ಲ್ಯು ಎಂದು. ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ಜಿಲ್ಲೆಯಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿ. ವಿಆರ್‌ಡಬ್ಲ್ಯುಗಳು ತಾವೂ ಅಂಗವಿಕಲರೇ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗೌರವ ಎಷ್ಟು, ಧನ ಎಷ್ಟು ಎಂದು ಅವರನ್ನೇ ಕೇಳಿ.

ನಮ್ಮ ಕಡೆಯ ಒಬ್ಬ ವಿಆರ್‌ಡಬ್ಲ್ಯು ಅಕ್ಕ ಸೈಡ್ ವೀಲ್ ಇರುವ ಸ್ಕೂಟರಿನಲ್ಲಿ ಹಳ್ಳಿ ಸುತ್ತುತ್ತಾರೆ. ಊರುಗೋಲನ್ನು ಫುಟ್‌ಬೋರ್ಡಿಗೆ ಅಡ್ಡ ಇಟ್ಟು ಸೈಕಲ್ ಟ್ಯೂಬಿನಿಂದ ಕಟ್ಟಿರುತ್ತಾರೆ. ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ಅರ್ಜಿ ನಮೂನೆ, ಸ್ಟ್ಯಾಂಪ್ ಪ್ಯಾಡು, ಗೋಂದು ಮತ್ತು ಉದ್ದ ರೂಲು ಹಾಕಿದ ಒಂದು ನೋಟ್ ಪುಸ್ತಕ. ಮನೆಮನೆಯ ಹೆಸರಿನ ಮುಂದೆ ಅವರದೇ ಗುರುತುಗಳಿವೆ: ‘ಕಾರ್ಡ್ ಬಂತು’, ‘ಫೋಟೊ ಬಾಕಿ’, ‘ಅಪ್ಪ ಒಪ್ಪಲ್ಲ’. ಕೊನೆಯದೇ ಕಷ್ಟದ ಗುರುತು ಎನ್ನುತ್ತಾರೆ. ಹೆಣ್ಣುಮಗುವಿಗೆ ಕಾರ್ಡ್ ಮಾಡಿಸಿದರೆ ನಾಳೆ ಸಂಬಂಧ ಕೇಳಿಕೊಂಡು ಬರುವವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರುವ ಮನೆಗಳಿವೆ. ಅಂಥ ಮನೆಗೆ ಅಕ್ಕ ಅರ್ಜಿ ಒಯ್ಯುವುದಿಲ್ಲ. ಕಾಫಿ ಕುಡಿದು, ಆ ಮಾತು ಈ ಮಾತು ಆಡಿ ಬರುತ್ತಾರೆ. ಅರ್ಜಿ ಆಮೇಲೆ ಹೋಗುತ್ತದೆ.

ಸ್ವಿಚ್ಚಿನ ನಿರ್ವಹಣೆ: ದಿನಕ್ಕೊಂದು ಸಮೀಕ್ಷೆಗೆ, ಚುನಾವಣೆ ಕೆಲಸಕ್ಕೆ, ಪಂಚಾಯಿತಿಯ ಸಕಲ ಟೈಪಿಂಗಿಗೆ ಅವರನ್ನೇ ಬಳಸಿದರೆ ಸ್ವಿಚ್ ಬಿಸಿಯಾಗುತ್ತದೆ. ಇದು ಪಂಚಾಯಿತಿಯವರಿಗೆ ಸೂಚನೆ.

4. ಇಳಿಜಾರು ಬಳಸುವ ವಿಧಾನ

ಕಟ್ಟಡದ ಇಳಿಜಾರಿಗೆ ಒಪ್ಪಿತವಾದ ಅಳತೆ ಒಂದಕ್ಕೆ ಹನ್ನೆರಡು. ಜಗಲಿ ಒಂದಡಿ ಎತ್ತರವಿದ್ದರೆ ಇಳಿಜಾರು ಹನ್ನೆರಡಡಿ ಉದ್ದವಿರಬೇಕು. ಎರಡೂವರೆ ಅಡಿಯಿದ್ದರೆ ಮೂವತ್ತಡಿ, ಜೊತೆಗೆ ನಡುವೆ ನಿಲ್ಲಲು ಸಮತಟ್ಟು ಜಾಗ, ಎರಡೂ ಕಡೆ ಹಿಡಿಕೆ. ಕಂಟ್ರಾಕ್ಟರ್ ಬಳಿ ಇರುವ ಜಾಗ ಹತ್ತಡಿ. ಎರಡೂವರೆ ಅಡಿಯನ್ನು ಹತ್ತಡಿಯಲ್ಲಿ ಮುಗಿಸಿದಾಗ ಸಿಗುವುದು ಮಕ್ಕಳ ಪಾರ್ಕಿನ ಜಾರುಬಂಡೆ. ಮೇಲಿಂದ ಕೆಳಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಬಳಸುವ ಕ್ರಮ: ಮೊದಲು ಇಳಿಜಾರಿನ ಮೇಲೆ ನಿಲ್ಲಿಸಿರುವ ಬೈಕ್ ಯಾರದೆಂದು ವಿಚಾರಿಸಿ. ಅವರು ಸದಸ್ಯರಾಗಿದ್ದರೆ ಮೀಟಿಂಗ್ ಮುಗಿಯುವವರೆಗೆ ಕಾಯಿರಿ. ಬಳಿಕ ಸಿಮೆಂಟ್ ಚೀಲಗಳನ್ನು ಸರಿಸಿ. ಮೇಲೆ ತಲುಪಿದ ಮೇಲೆ ಹೊಸ್ತಿಲು ಎದುರಾದರೆ ಅದು ಇಳಿಜಾರಿನ ಎಸ್ಟಿಮೇಟಿನಲ್ಲಿ ಸೇರಿರಲಿಲ್ಲ ಎಂದು ತಿಳಿಯಿರಿ. ಶೌಚಾಲಯ ಕೇಳಬೇಡಿ. ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರ ಬಿಡಿಸಿ ಬೀಗ ಹಾಕಿರುವ ಕೋಣೆಯೇ ಅದು. ಪೊರಕೆ, ಬ್ಲೀಚಿಂಗ್ ಪೌಡರ್ ಅಲ್ಲಿ ಸುರಕ್ಷಿತವಾಗಿವೆ.

ನಿಯಮಗಳು ಹೊರಬಿದ್ದ ಐದು ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಬೇಕು ಎಂದು ಕಾಯ್ದೆ ಹೇಳಿತು; ನಿಯಮಗಳು 2017ರ ಜೂನ್‌ನಲ್ಲಿ ಹೊರಬಿದ್ದವು. ಐದು ವರ್ಷ 2022ಕ್ಕೆ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ನಿಯಮಗಳ 15ನೇ ಅಂಶ ಬರೀ ಶಿಫಾರಸಿನ ಧಾಟಿಯಲ್ಲಿದೆ, ಕಾಯ್ದೆಗೆ ಅದು ಒಪ್ಪುವಂಥದ್ದಲ್ಲ ಎಂದು ಹೇಳಿ, ಕಡ್ಡಾಯದ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಲ್ಲಿಯವರೆಗೆ ‘ಮಾಡಿದರೆ ಒಳ್ಳೆಯದು’ ಎಂದು ಓದಿಕೊಳ್ಳುತ್ತಿದ್ದವರು ಇನ್ನು ‘ಮಾಡಲೇಬೇಕು’ ಎಂದು ಓದಿಕೊಳ್ಳಬೇಕಾಯಿತು.

ಒಂದು ದಿನ ಮಾತ್ರ ಈ ಭಾಗ ದೋಷವಿಲ್ಲದೆ ಓಡುತ್ತದೆ: ಮತದಾನದ ದಿನ. ಅಂದು ಮತಗಟ್ಟೆಗೆ ಇಳಿಜಾರು ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ತಳ್ಳಲು ಸ್ವಯಂಸೇವಕರು ಬರುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಆ ದಿನಕ್ಕೂ ಮುಂಚೆಯೇ, 12ಡಿ ನಮೂನೆ ತುಂಬಿದವರ ಮನೆಗೇ ಮತಪೆಟ್ಟಿಗೆ ಹೋಯಿತು. ಶೇ 40 ಮುಟ್ಟಿದ ಮತದಾರರ ಮನೆಗೆ ಒಂದು ತಂಡ, ವಿಡಿಯೊ ಚಿತ್ರೀಕರಣ ಸಮೇತ. ಅಸಾಧ್ಯ ಎಂದು ಹೇಳುತ್ತಿದ್ದ ಪ್ರತಿಯೊಂದೂ ಸಾಧ್ಯ ಎಂಬುದಕ್ಕೆ ಆ ವಿಡಿಯೊಗಳೇ ದಾಖಲೆ. ಬೆರಳಿನ ಶಾಯಿ ಒಣಗುವುದರೊಳಗೆ ಕುರ್ಚಿ ವಾಪಸಾಗುತ್ತದೆ, ಆದ್ದರಿಂದ ಜಾತಿ ಪ್ರಮಾಣಪತ್ರ, ಪಡಿತರ ಚೀಟಿಯ ಕೆಲಸಗಳೇನಾದರೂ ಇದ್ದರೆ ಅಂದೇ ಮುಗಿಸಿಕೊಳ್ಳಿ ಎನ್ನೋಣವೆಂದರೆ ಕಚೇರಿಗೆ ಅಂದು ರಜೆ.

5. ಬಸ್ಸಿನಲ್ಲಿ ಒಯ್ಯುವಾಗ

ಸಾರಿಗೆ ನಿಗಮದ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ. ವಾಸಸ್ಥಳದಿಂದ 100 ಕಿಲೊಮೀಟರ್‌ವರೆಗೆ ಅದು ನಡೆಯುತ್ತದೆ. ಅರ್ಜಿ ಸೇವಾಸಿಂಧುವಿನಲ್ಲಿ, ಪ್ರತಿ ವರ್ಷ ನವೀಕರಣ. ನಿಮ್ಮ ಕಾಯಿಲೆಗೆ ಆಸ್ಪತ್ರೆ ನೂರೊಂದನೇ ಕಿಲೊಮೀಟರಿನಲ್ಲಿದ್ದರೆ ಕೊನೆಯ ಒಂದು ಕಿಲೊಮೀಟರಿಗೆ ಟಿಕೆಟ್ ಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಹೋಗಿದೆ, ಮೆಟ್ಟಿಲಿನ ಚಿಂತೆ ಹೋಗಿಲ್ಲ.

‘ಅಂಗವಿಕಲರಿಗೆ ಮೀಸಲು’ ಎಂದು ಬರೆದ ಸೀಟಿನಲ್ಲಿ ಕೂತವರನ್ನು ಎಬ್ಬಿಸುವುದು ಕಂಡಕ್ಟರ್ ಕೆಲಸ. ನೀವೇ ಎಬ್ಬಿಸಲು ಹೋದರೆ “ನೋಡಕ್ಕೆ ಚೆನ್ನಾಗೇ ಇದ್ದೀರಲ್ಲ” ಎಂಬ ತಪಾಸಣೆ ಎದುರಾಗುತ್ತದೆ. ಕಿವಿ ಕೇಳದವರಿಗೆ, ಹಿಮೊಫಿಲಿಯಾ ಇರುವವರಿಗೆ ಈ ತಪಾಸಣೆ ದಿನಾ ನಡೆಯುತ್ತದೆ. ವೈದ್ಯಕೀಯ ಮಂಡಳಿಗಿಂತ ಬಸ್ಸಿನ ಮಂಡಳಿಯಲ್ಲಿ ಸದಸ್ಯರು ಹೆಚ್ಚು, ಅವರ ಅಳತೆಗೆ ಯಾವ ಉಪಕರಣವೂ ಬೇಡ.

6. ಶೇ 5 ಎಂಬ ಗುಂಡಿ

ಯಂತ್ರದ ಹಿಂಬದಿಯಲ್ಲಿ, ಗೋಡೆಗೆ ತಾಗಿಕೊಂಡಂತೆ ಒಂದು ಗುಂಡಿ ಇದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಮನೆ ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ ಎಲ್ಲ ಸೇರಿ ವರ್ಷಕ್ಕೆ ಹತ್ತು ಲಕ್ಷ ಬಂದರೆ ಐವತ್ತು ಸಾವಿರ. ದೊಡ್ಡ ಮೊತ್ತವಲ್ಲ. ಆದರೆ ಇದಕ್ಕೆ ಬೆಂಗಳೂರೂ ಬೇಡ, ದೆಹಲಿಯೂ ಬೇಡ. ಅರ್ಜಿ ಕೊಟ್ಟ ಕಟ್ಟಡದಲ್ಲೇ ಮಂಜೂರಾತಿ. ಇಷ್ಟು ಹತ್ತಿರದ ಹಣ ಯಂತ್ರದ ಬೇರೆ ಯಾವ ಭಾಗದಲ್ಲೂ ಇಲ್ಲ.

ಇದನ್ನು ಒತ್ತುವ ಜಾಗ ವಿಶೇಷಚೇತನರ ಸಮನ್ವಯ ಗ್ರಾಮಸಭೆ. ಎಚ್ಚರ: ಈ ಗುಂಡಿಯನ್ನು ವಿಆರ್‌ಡಬ್ಲ್ಯು ಒತ್ತಲಾರರು. ಅವರ ಹಾಜರಿಗೆ ಸಹಿ ಹಾಕುವವರೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಲೆಕ್ಕ ಕೊಡಬೇಕಾದವರೂ ಪಿಡಿಒ. ಅದಕ್ಕೇ ಅನುಭವಸ್ಥ ವಿಆರ್‌ಡಬ್ಲ್ಯುಗಳು ಸಭೆಯಲ್ಲಿ ತುಟಿ ಬಿಚ್ಚುವುದಿಲ್ಲ. ಸಭೆಗೆ ಮುಂಚೆ ಜನರ ಮನೆ ಜಗಲಿಗಳಲ್ಲಿ ಕೂತು ಪ್ರಶ್ನೆ ಬರೆಸುತ್ತಾರೆ. ಸ್ಕೂಟರಿನ ಅಕ್ಕನ ಪಂಚಾಯಿತಿಯಲ್ಲಿ ನಡೆದ ಅಂಥ ಒಂದು ಸಭೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಾಯಿಯೊಬ್ಬರು ಮಗುವನ್ನು ಸೊಂಟದಲ್ಲಿ ಸರಿಪಡಿಸಿಕೊಂಡು ಎದ್ದು ನಿಂತರು. ಕೈಯಲ್ಲಿ ಮಡಚಿದ ಚೀಟಿ.

“ಶೇಕಡಾ ಐದರ ಲೆಕ್ಕ ಓದ್ಬೇಕಂತೆ ಸಾರ್.”

“ಯಾರಮ್ಮ ಹೇಳ್ಕೊಟ್ಟಿದ್ದು?”

“ಚೀಟೀಲಿ ಬರ್ದದೆ ಸಾರ್.”

“ಎಲ್ಲ ಖರ್ಚಾಗಿದೆ ಕಣಮ್ಮ. ಇಳಿಜಾರು, ಬೀದಿ ದೀಪ, ಇತರೆ.”

ಅವರು ಚೀಟಿ ನೋಡಿಕೊಂಡರು. ಎರಡನೇ ಪ್ರಶ್ನೆಯೂ ಅದರಲ್ಲಿತ್ತು. “ಇತರೆ ಅಂದ್ರೇನು ಸಾರ್?”

ಕಣ್ಣು ಕಾಣದ ಹುಡುಗನೊಬ್ಬ ಮೊಬೈಲಿನ ಟಾಕ್‌ಬ್ಯಾಕ್‌ನಲ್ಲಿ ಹಿಂದಿನ ವರ್ಷದ ನಡಾವಳಿಯನ್ನು ಕೇಳಿಕೊಂಡು ಬಂದಿದ್ದ. “ಹೋದ್ ವರ್ಷಾನೂ ಇದೇ ಇಳಿಜಾರಿನ ಲೆಕ್ಕ ಬರ್ದವ್ರೆ ಸಾರ್” ಎಂದ. ಕಿವಿ ಕೇಳದ ಟೈಲರ್ ಅಣ್ಣನಿಗೆ ಪಕ್ಕದಲ್ಲಿದ್ದ ಮಗಳು ಸನ್ನೆಯಲ್ಲಿ ಎಲ್ಲ ಹೇಳುತ್ತಿದ್ದಳು. ಅವರು ಎದ್ದು ಹೊರಗಿನ ಇಳಿಜಾರಿನತ್ತ ಕೈ ತೋರಿಸಿ ಒಂದೇ ಬೆರಳು ಎತ್ತಿದರು. ಇರುವುದು ಒಂದೇ. ಆಮೇಲೆ ಎರಡು ಬೆರಳು ಎತ್ತಿ ಪಿಡಿಒ ಮುಂದಿದ್ದ ಫೈಲಿನ ಕಡೆ ತೋರಿಸಿದರು. ಸಭೆ ಗೊಳ್ಳೆಂದಿತು. ಅಕ್ಕ ತಲೆ ತಗ್ಗಿಸಿ ನಡಾವಳಿ ಬರೆಯುತ್ತಲೇ ಇದ್ದರು, ಒಂದಕ್ಷರ ಬಿಡದಂತೆ.

ಆ ವರ್ಷದ ಹಣದಲ್ಲಿ ಮಗುವನ್ನು ಕೂರಿಸುವ ವಿಶೇಷ ಕುರ್ಚಿಗೂ ಟೈಲರಿನ ಹೊಸ ಹೊಲಿಗೆ ಯಂತ್ರಕ್ಕೂ ಠರಾವು ಆಯಿತು. ಇದೇ ಪ್ರಶ್ನೆಗಳನ್ನು ಆ ತಾಯಿ ಒಬ್ಬರೇ ಕಚೇರಿಗೆ ಹೋಗಿ ಕೇಳಿದ್ದರೆ ಸಿಗುತ್ತಿದ್ದ ಉತ್ತರ ‘ಸೋಮವಾರ ಬನ್ನಿ’. ಆದ್ದರಿಂದ ಈ ಯಂತ್ರದ ಮೇಲೆ ಅಚ್ಚಾಗಬೇಕಿದ್ದ, ಅಚ್ಚಾಗದೆ ಉಳಿದ ಮುಖ್ಯ ಸೂಚನೆ ಇದು: ಒಬ್ಬರೇ ಚಾಲೂ ಮಾಡಬೇಡಿ. ತಯಾರಕರು ಇದನ್ನು ಒಬ್ಬೊಬ್ಬರ ಕಾರ್ಡು, ಒಬ್ಬೊಬ್ಬರ ಶೇಕಡಾ, ಒಬ್ಬೊಬ್ಬರ ಅರ್ಜಿ ಎಂದು ವಿನ್ಯಾಸ ಮಾಡಿದ್ದಾರೆ. ಓಡುವುದು ಮಾತ್ರ ನಾಲ್ಕು ಜನ ಸೇರಿ ಒತ್ತಿದಾಗ.

7. ಹೆಚ್ಚುವರಿ ಬಿಡಿಭಾಗಗಳು

ಇವು ತಾಲ್ಲೂಕಿನಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಿಕೊಳ್ಳಬೇಕು.

ಮಗು ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂಬ ಅಜ್ಜಿಯ ಸಮಾಧಾನವನ್ನು ಗೌರವದಿಂದ ಕೇಳಿಸಿಕೊಂಡು ಬಸ್ ಹತ್ತಿ. ಕೃತಕ ಕಾಲು, ಕ್ಯಾಲಿಪರ್, ಅಳತೆಗೆ ಹೊಂದುವ ಗಾಲಿಕುರ್ಚಿಗೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, 1994ರಿಂದ. ಕೈಕಸುಬಿಗೆ, ತೋಟಗಾರಿಕೆ ತರಬೇತಿಗೆ ಎಪಿಡಿ. ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಕಂಪನಿ ಕೆಲಸಕ್ಕೆ ತಯಾರಾಗಲು ಎನೇಬಲ್ ಇಂಡಿಯಾ, ಅಂಧರ ಓದಿಗೂ ಕ್ರಿಕೆಟ್ಟಿಗೂ ಸಮರ್ಥನಂ.

ಸಂಗೀತಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಆಶ್ರಮದ ಗುರು ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, 2010ರಲ್ಲಿ ಪದ್ಮಭೂಷಣ ಪಡೆದ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಯಾವ ಕಾಯ್ದೆಯೂ ಇಲ್ಲದ ಕಾಲದಲ್ಲಿ, ಜೋಳಿಗೆಯ ಭಿಕ್ಷೆಯಲ್ಲಿ, ನಾಟಕ ಕಂಪನಿಯ ಗಳಿಕೆಯಲ್ಲಿ ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟ ಜಾಗ ಅದು. ಅಲ್ಲಿಯೂ ನಡೆದದ್ದು ಇದೇ ಸೂತ್ರ: ಗುಂಪಾಗಿ ಕಲಿಯುವುದು, ಗುಂಪಾಗಿ ಉಣ್ಣುವುದು.

ಆಟಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಿಲ್ಲ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಮೊದಲ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ. ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಬೇರಿಂಗ್ ಗುಂಡುಗಳ ಗಲಗಲ. ಬೌಲಿಂಗ್ ಕೈ ಕೆಳಗಿನಿಂದ. ಗ್ಯಾಲರಿ ಚಪ್ಪಾಳೆ ನಿಲ್ಲಿಸಿದರೆ ಮಾತ್ರ ಬ್ಯಾಟ್ಸ್‌ಮನ್‌ಗೆ ಚೆಂಡು ಕೇಳಿಸುತ್ತದೆ. ಪ್ರೋತ್ಸಾಹಿಸುವುದಾದರೆ ಸ್ವಲ್ಪ ಹೊತ್ತು ಸುಮ್ಮನಿರಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಅವರಿಗೆ ಹದಿನೆಂಟು ತುಂಬಿದಾಗ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ. ‘ನಾವು ಹೋದಮೇಲೆ ಯಾರು?’ ಎಂದು ರಾತ್ರಿ ನಿದ್ದೆಗೆಡುವ ತಂದೆತಾಯಂದಿರು ಹಗಲಿನಲ್ಲಿ ಒಮ್ಮೆ ಆ ಸಮಿತಿಯ ಅರ್ಜಿ ನೋಡಿ.

8. ಸುರಕ್ಷತಾ ಎಚ್ಚರಿಕೆ: ಸುತ್ತಮುತ್ತಲಿನವರಿಗೆ

ಗಾಲಿಕುರ್ಚಿಯನ್ನು ಕೇಳದೆ ತಳ್ಳಬೇಡಿ. ಕಣ್ಣು ಕಾಣದವರ ಕೈ ಹಿಡಿದೆಳೆದು ಅವರು ದಾಟಬೇಕೆಂದಿರದ ರಸ್ತೆ ದಾಟಿಸಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಳ್ಳುತ್ತಾರೆ. ಜೊತೆಗಿದ್ದವರನ್ನು “ಇವ್ರು ಏನ್ ತಿಂತಾರೆ?” ಎಂದು ಕೇಳಬೇಡಿ. ಹೋಟೆಲಿನ ಬೋರ್ಡನ್ನು ಇವರೂ ಓದಬಲ್ಲರು, ಇಡ್ಲಿಗಿಂತ ಬನ್ಸ್ ಇಷ್ಟಪಡಬಲ್ಲರು. ಪೂರ್ವಜನ್ಮದ ವಿಷಯ ಎತ್ತಬೇಡಿ. ಹುಟ್ಟುಹಬ್ಬಕ್ಕೆ ವಸತಿಶಾಲೆಗೆ ಹೋಗಿ ಕೇಕ್ ಹಂಚುವವರು ಫೋಟೊ ತೆಗೆಸುವ ಮುಂಚೆ ಆ ಮಕ್ಕಳ ಹೆಸರು ಕೇಳಿಕೊಳ್ಳಿ.

ಸಲಕರಣೆ ವಿತರಣಾ ಸಮಾರಂಭಗಳಲ್ಲಿ ತ್ರಿಚಕ್ರ ವಾಹನವನ್ನು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಲ್ಲಿಸಿ, ಫಲಾನುಭವಿಯನ್ನು ಅದರಲ್ಲೇ ಕೂರಿಸಿ, ಮಂತ್ರಿಗಳು ಬರುವವರೆಗೆ ಕಾಯಿಸುವುದು ತಯಾರಕರು ಶಿಫಾರಸು ಮಾಡಿದ ಬಳಕೆಯಲ್ಲ. ಜನರೆದುರು ಉದ್ದೇಶಪೂರ್ವಕವಾಗಿ ಅವಮಾನ ಮಾಡಿದರೆ ಕಾಯ್ದೆಯ 92ನೇ ಕಲಮಿನ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಪಂಚಾಯಿತಿ ಕಟ್ಟೆಯ ಹರಟೆಗೂ ಇದು ಅನ್ವಯ.

9. ದೋಷ ಪತ್ತೆ

ಮಾಸಾಶನ ಇದ್ದಕ್ಕಿದ್ದಂತೆ ನಿಂತಿದೆ: ನೀವು ಬದುಕಿರುವುದು ಕಡತದಲ್ಲಿ ಖಚಿತವಾಗಿರಲಿಕ್ಕಿಲ್ಲ, ಇಲ್ಲವೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಳಚಿದೆ. ಮೊದಲು ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಕೇಳಿ, ಆಮೇಲೆ ನಾಡಕಚೇರಿ.

ಬೆರಳಚ್ಚು ಬರುತ್ತಿಲ್ಲ: ಕುಷ್ಠದಿಂದ ಬೆರಳು ಸವೆದವರಿಗೆ, ಕೈ ಇಲ್ಲದವರಿಗೆ ಕಣ್ಣಿನ ಪಾಪೆ ಸಾಕು. ಅದೂ ಆಗದವರಿಗೆ ವಿನಾಯಿತಿಯ ಕ್ರಮವಿದೆ. ಕೇಂದ್ರದ ಹುಡುಗನಿಗೆ ಗೊತ್ತಿಲ್ಲದಿದ್ದರೆ ಸಾವಧಾನದಿಂದ ಹೇಳಿಕೊಡಿ, ಮುಂದಿನವರಿಗೆ ಅನುಕೂಲವಾಗುತ್ತದೆ.

ಶಾಲೆಯಲ್ಲಿ ‘ಬೇರೆ ಶಾಲೆಗೆ ಸೇರಿಸಿ’ ಎನ್ನುತ್ತಾರೆ: ಹಾಗೆ ಕಳಿಸಲು ಅವರಿಗೆ ಅಧಿಕಾರವಿಲ್ಲ. ಬಿಇಒ ಕಚೇರಿಯ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಏರ್ಪಾಡು ಮಾಡುವುದೂ ಅವರ ಕೆಲಸದಲ್ಲಿ ಸೇರಿದೆ.

ಪೆಟ್ಟಿಗೆ ಅಂಗಡಿ ಇಡಬೇಕು, ಸಾಲ ಸಿಗುತ್ತಿಲ್ಲ: ‘ಆಧಾರ’ ಯೋಜನೆಯ ಹೆಸರು ಹೇಳಿ. ಅವರು ಆಧಾರ್ ಕಾರ್ಡ್ ಕೇಳಿದರೆ ಅದನ್ನೂ ಕೊಡಿ, ಯೋಜನೆ ಬೇರೆ ಎಂದು ಮತ್ತೊಮ್ಮೆ ಹೇಳಿ.

ವೆಬ್‌ಸೈಟಿನಲ್ಲಿ ‘ಚಿತ್ರದಲ್ಲಿ ಕಾಣುವ ಅಕ್ಷರ ಬರೆಯಿರಿ’ ಎಂದು ಬರುತ್ತಿದೆ, ನನಗೆ ಕಣ್ಣು ಕಾಣುವುದಿಲ್ಲ: ನೀವು ಯಂತ್ರಮಾನವನಲ್ಲ ಎಂದು ನಮಗೆ ಗೊತ್ತು, ವೆಬ್‌ಸೈಟಿಗೆ ಗೊತ್ತಿಲ್ಲ. 3ನೇ ವಿಭಾಗದ ಪ್ಲಾಸ್ಟಿಕ್ ಕುರ್ಚಿಯವರನ್ನು ಸಂಪರ್ಕಿಸಿ.

10. ವಾರಂಟಿ ಮತ್ತು ಸರ್ವಿಸ್ ಸೆಂಟರ್

ವಾರಂಟಿಗೆ ಅವಧಿ ಇಲ್ಲ, ಕಾಯ್ದೆ ಇರುವವರೆಗೆ ಇದೆ. ಪಂಚಾಯಿತಿಯಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಕಲ್ಯಾಣಾಧಿಕಾರಿ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರು. ಆಯುಕ್ತರಿಗೆ ವಿಚಾರಣೆಯಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅಧಿಕಾರಿಯನ್ನು ಕರೆಸಬಹುದು, ಕಡತ ತರಿಸಬಹುದು. ಅವರ ಶಿಫಾರಸಿನ ಮೇಲೆ ಏನು ಮಾಡಿದೆವು ಎಂದು ಇಲಾಖೆ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ದೂರನ್ನು ಕೈಬರಹದಲ್ಲಿ ಕೊಡಬಹುದು, ವಕೀಲರು ಬೇಕಿಲ್ಲ. ಶೇ 5ರ ಲೆಕ್ಕ ಬಾಯಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ, ಮೂವತ್ತು ದಿನದಲ್ಲಿ, ಕಾಗದದಲ್ಲಿ ಹೇಳುತ್ತಾರೆ. ‘ಇತರೆ’ ಎಂಬುದರ ವೋಚರ್ ಪ್ರತಿ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ.

ಏನೇ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯದೆ ಮೆಟ್ಟಿಲು ಇಳಿಯಬೇಡಿ. ಸೀಲು, ತಾರೀಖು, ಸಹಿ ಮೂರೂ ಇರಲಿ. ಸೀಲು ಬೀರುವಿನಲ್ಲಿದೆ, ಬೀಗದ ಕೈ ತೆಗೆದುಕೊಂಡು ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರೆ ಜಗಳ ಬೇಡ, ಅಲ್ಲೇ ಕೂತು ಕಾಯಿರಿ. ಒಬ್ಬರು ಕಾದರೆ ಸಾಹೇಬರ ಊಟ ಸಂಜೆಯವರೆಗೆ ನಡೆಯುತ್ತದೆ. ಊರುಗೋಲು, ಗಾಲಿಕುರ್ಚಿ, ಬಿಳಿ ಕೋಲು ಸಮೇತ ಹತ್ತು ಜನ ಬಾಗಿಲಿಗೆ ಎದುರಾಗಿ ಕೂತರೆ ಬೀಗದ ಕೈ ಗುಮಾಸ್ತರ ಜೇಬಿನಲ್ಲೇ ಸಿಗುತ್ತದೆ.